ಗದ್ದದ ಮೇಲಿನ ಬೂಷ್ಟು

ಹಳೆಯ ಫೋಟೋಗಳಿಗೆ ಮೊಬೈಲಿನಲ್ಲಿ ಬಣ್ಣ ಹಚ್ಚುವ ವಿದ್ಯೆಯನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕರಗತ ಮಾಡಿಕೊಂಡೆ. ಇಷ್ಟು ಸುಲಭದ ಕೆಲಸಕ್ಕೆ ಜನ ಸ್ಟುಡಿಯೋ ತನಕ ಯಾಕೆ ಹೋಗುತ್ತಾರೋ ಎಂದು ಅವರ ಮೇಲೆ ಮರುಕವೂ ಹುಟ್ಟಿತು!

ನಮ್ಮವ್ವನ ಟ್ರಂಕಿನಲ್ಲಿ ಅವಳ ತಾಯಿಯ, ಅಂದರೆ ನಮ್ಮ ಆಯಿಯ, ಒಂದೇ ಒಂದು ಕಪ್ಪು-ಬಿಳುಪು ಫೋಟೋ ಇತ್ತು. ಅವ್ವ ಏಳು ವರ್ಷದವಳಿದ್ದಾಗಲೇ ಆಯಿ ರಾಜೇಶ್ವರವೆಂಬ ಊರಿನಲ್ಲಿ ತೀರಿಕೊಂಡಿದ್ದಳು. ನಾನಂತೂ ಆಕೆಯನ್ನು ನೋಡಿಯೇ ಇಲ್ಲ.

"ಬಣ್ಣದಾಗ ನಮ್ಮವ್ವ ಹ್ಯಾಂಗ ಕಾಣ್ತಾಳೋ! ಒಮ್ಮಿ ನೋಡಬೇಕಪ್ಪಾ," ಎಂದಳು ಅವ್ವ. ನನಗೂ ಅದೇ ಕುತೂಹಲ. ಸೀರೆ ಯಾವ ಬಣ್ಣದ್ದಿರಬಹುದು? ಬಳೆ ಹಸಿರೋ, ಕೆಂಪೋ?

ಕನ್ನಡಕ ಏರಿಸಿ, ಫೋಟೋವನ್ನು ಮೊಬೈಲಿಗೆ ಇಳಿಸಿ, ಹತ್ತು ಪಟ್ಟು ಹಿಗ್ಗಿಸಿ ತಪಾಸಣೆಗೆ ಕೂತೆ. ಆಯಿಯ ಗದ್ದದ ಮೇಲೆ ಮೂರು ಕಪ್ಪು ಚುಕ್ಕೆಗಳು. ಬೂಷ್ಟು! ಮೊದಲು ಮೂಲ ಫೋಟೋವನ್ನೇ ಒದ್ದೆ ಹತ್ತಿಯಿಂದ ಒರೆಸಲು ಹೊರಟೆ.

"ಅಯ್ಯ, ಏನ್ ಮಾಡಾಕತ್ತೀರಿ? ಇರೋದೊಂದ ಫೋಟೋ!" ಎಂದು ಹೆಂಡತಿ ಶಾಂತಾ ಕಸಿದುಕೊಂಡಳು.

ಸರಿ, ಮೊಬೈಲಿನಲ್ಲೇ ಬೆರಳಿನಿಂದ ತಿಕ್ಕಿದೆ. ಎರಡು ಚುಕ್ಕೆ ಸುಮ್ಮನೆ ಹೋದವು. ಮೂರನೆಯದು ಹಟ ಮಾಡಿತು. ನಾನು ಬಿಡಲಿಲ್ಲ! ಅದೇ ಉಮೇದಿನಲ್ಲಿ ಮುಖಕ್ಕೆ ಕಾಂತಿ ಕೊಡುವ ಗುಂಡಿಯನ್ನೂ ಒತ್ತಿದೆ. ಬಿಸಿಲಲ್ಲಿ ಹೊಲದ ಕಳೆ ತೆಗೆದ ಆಯಿ ಕ್ಷಣದಲ್ಲಿ ಪೌಡರಿನ ಜಾಹೀರಾತಿಗೆ ಸಿದ್ಧಳಾದಳು. ಸೀರೆ ಗುಲಾಬಿ ಎಂದು ಮೊಬೈಲ್ ತೀರ್ಮಾನಿಸಿತು, ನಾನು ಅನುಮೋದಿಸಿದೆ.

ಬಸವಕಲ್ಯಾಣಕ್ಕೆ ಹೋಗಿ ಪ್ರಿಂಟು ತೆಗೆಸಿ, ದೊಡ್ಡ ಫ್ರೇಮು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹುಮನಾಬಾದಿನ ಮನೆಗೆ ತಂದೆ.

"ಯಾವ ಸಿನಿಮಾದಾಕಿರಿ?" ಎಂದರು ಪಕ್ಕದ ಸೀಟಿನವರು.

"ನಮ್ಮ ಆಯಿರಿ," ಎಂದೆ. ಅವರು ನಂಬಲಿಲ್ಲ.

ಅದಕ್ಕೆ ಟವೆಲ್ ಹೊದಿಸಿ, ಅವ್ವನ ಮುಂದೆ ಸರಿಸಿ ವಿಧಿಪೂರ್ವಕ ಅನಾವರಣ ಮಾಡಿದೆ. ಅವ್ವ ಬಹಳ ಹೊತ್ತು ನೋಡಿದಳು.

"ಛಲೋ ಅದಾಳ. ಯಾರೋ ಈಕಿ?"

"ನಿಮ್ಮವ್ವ!"

"ನಮ್ಮವ್ವನ ಗದ್ದದ ಮ್ಯಾಲಿನ ಹಚ್ಚಿ ಎಲ್ಲಿ ಹೋತು? ಮೂರು ಚುಕ್ಕಿ?"

"ಅದು... ಬೂಷ್ಟು ಅನ್ಕೊಂಡು ಅಳಿಸೇನಿ."

ಅವ್ವನ ಕಣ್ಣು ತುಂಬಿದವು. "ಆಕಿ ತೊಡಿ ಮ್ಯಾಲ ಕುಂತು, ಆ ಚುಕ್ಕಿ ಮ್ಯಾಲ ಬೆರಳಿಟ್ಟು ಎಣಸ್ತಿದ್ದೆ. ಒಂದು, ಎರಡು, ಮೂರು. ಆಕಿ ಮುಖದಾಗ ನನಗ ನೆನಪಿರೋದು ಅಷ್ಟ."

ನನಗೆ ನಿಜವಾಗಿಯೂ ಸಂಕಟವಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ನಾ ಯಾವಾಗರ ಅಂಥಾ ಹಚ್ಚಿ ನೋಡೇನೇನು?"

ಅವ್ವ ನನ್ನ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದಳು. ಆಮೇಲೆ ತನ್ನ ಗದ್ದ ಎತ್ತಿ ತೋರಿಸಿದಳು.

"ಇವೂ ಬೂಷ್ಟೇನೋ?"

ಮೂರು ಚುಕ್ಕೆ! ಐವತ್ತೆರಡು ವರ್ಷ ಈ ಮುಖದ ಮುಂದೆಯೇ ಕೂತು ಉಂಡಿದ್ದೇನೆ.

ಹಳೆಯ ಫೋಟೋ ಈಗ ಅವ್ವನ ದಿಂಬಿನ ಪಕ್ಕದಲ್ಲಿದೆ. ಗುಲಾಬಿ ಸೀರೆಯವಳನ್ನು ಶಾಂತಾ ನನ್ನ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ್ದಾಳೆ. ಬಂದವರು ಯಾರೆಂದು ಕೇಳಿದರೆ ಅವಳದು ಒಂದೇ ಉತ್ತರ.

"ನಮಗೂ ಗೊತ್ತಿಲ್ರಿ. ಇವರ ಕಡಿಯವರು."