‘ಮರೆತುಬಿಡಿ’ ಎಂದಿತು ಕಂಪ್ಯೂಟರು

ಊರಿನ ಅರ್ಧ ಬಾಗಿಲುಗಳು ತೆರೆದದ್ದು ಬೀಗದ ರಿಪೇರಿಯವರ ಕೈಯಿಂದಲೇ. ಕೀಲಿ ಕಳೆದುಕೊಂಡು ಗೋಳಾಡುವವರ ಎದುರು ಒಂದು ತಂತಿ ತೂರಿಸಿ, ಟಕ್ ಎನಿಸಿ, ಅವರು ಬೀಗುವುದನ್ನು ನೋಡಬೇಕು! (ಬೀಗದವರು ಬೀಗದೆ ಇನ್ಯಾರು ಬೀಗಬೇಕು?) ಅಂಥವರು ಈಗ ತಮ್ಮದೇ ಮನೆಯ ಕಂಪ್ಯೂಟರಿನ ಮುಂದೆ, ಪರದೆಯ ಮೇಲಿನ ಸಾಸಿವೆಯಷ್ಟು ಬೀಗದ ಚಿತ್ರ ನೋಡುತ್ತಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ಆದದ್ದಿಷ್ಟು. ತನ್ನ ಅಕ್ಕ ಕಾಲು ಮುರಿದುಕೊಂಡಳೆಂದು ಹೆಂಡತಿ ಆರೈಕೆಗೆ ಅವಳ ಊರಿಗೆ ಹೋಗಿದ್ದಳು. “ನಿಶ್ಚಿಂತೆಯಾಗಿ ಹೋಗು, ಮನೆ ನಾನು ನೋಡ್ಕೋತೀನಿ” ಎಂದು ಎದೆ ತಟ್ಟಿ ಕಳಿಸಿದವರು ಇವರೇ. ಮನೆಯನ್ನೇನೋ ನೋಡಿಕೊಂಡರು, ಆದರೆ ನೋಡಿದಲ್ಲೆಲ್ಲ ಅವಳಿರಲಿಲ್ಲ. “ರೀ, ಚಪ್ಪಲಿ ಹೊರಗೆ ಬಿಡ್ರೀ” ಎಂದು ಗದರುವವಳಿಲ್ಲದೆ ಚಪ್ಪಲಿ ಬಿಡುವುದಕ್ಕೂ ಬೇಸರ. ಸಂಜೆ ಕಂಪ್ಯೂಟರಿನಲ್ಲಿ ಅವಳ ಮುಖ ನೋಡಿದರೆ ಮಾತ್ರ ತುತ್ತು ಗಂಟಲಲ್ಲಿಳಿಯುತ್ತಿತ್ತು. (ಅವರ ಫೋನು ಮಾತಾಡುವುದಕ್ಕಷ್ಟೇ, ಮುಖ ತೋರಿಸುವಷ್ಟು ಓದಿದ್ದಲ್ಲ.)

ಇವತ್ತು ನೆಟ್ ಕೈಕೊಟ್ಟು ಆ ಮುಖ ಮೂಗಿನವರೆಗೆ ಬಂದು ನಿಂತುಬಿಟ್ಟಿತು. ಬೀಗದವರು ವೈಫೈ ಸೆಟ್ಟಿಂಗ್ಸಿನ ಮೇಲೆ ದಂಡೆತ್ತಿ ಹೋದರು. ಅಲ್ಲಿ ಮನೆಯ ನೆಟ್‌ವರ್ಕಿನ ಹೆಸರಿನ ಪಕ್ಕದಲ್ಲಿ ‘ಮರೆತುಬಿಡಿ’ ಎಂಬ ಗುಂಡಿ. ಪಾಪ, ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಯಂತ್ರ ಸಮಾಧಾನ ಹೇಳುತ್ತಿದೆ ಅಂದುಕೊಂಡು, “ಹೋಗ್ಲಿ ಬಿಡಪ್ಪ, ಮರೆತೆ” ಎಂದು ದೊಡ್ಡ ಮನಸ್ಸಿನಿಂದ ಒತ್ತಿದರು. ಮರೆತದ್ದು ಇವರಲ್ಲ, ಕಂಪ್ಯೂಟರು! ನಿನ್ನೆಯವರೆಗೆ ಸುಮ್ಮನೆ ಒಳಗೆ ಬಿಡುತ್ತಿದ್ದದ್ದು ಈಗ ಪಾಸ್‌ವರ್ಡ್ ಕೇಳತೊಡಗಿತು. ಅದನ್ನು ಇಟ್ಟವಳು ಹೆಂಡತಿ.

ಮಾನ ಬಿಟ್ಟು ಅವಳಿಗೆ ಫೋನ್ ಹಚ್ಚಿದರು.

“ಲೇ, ವೈಫೈ ಪಾಸ್‌ವರ್ಡ್ ಏನೇ?”

“ಆಮೇಲೆ ನೋಡೋಣ.”

“ಆಮೇಲೆ ಯಾಕೆ? ನಂಗೆ ಈಗ್ಲೇ ಬೇಕು.”

“ಈಗ್ಲೇ ಹೇಳ್ತಿದೀನಲ್ರೀ, ಆಮೇಲೆ ನೋಡೋಣ!”

“ನಿನ್ನ ಮುಖ ನೋಡ್ಬೇಕು ಅಂತ ನಾನಿಲ್ಲಿ ಒದ್ದಾಡ್ತಿದೀನಿ, ನಿಂಗೆ ತಮಾಷೆ!” ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟರು.

ಎದುರಿಗಿದ್ದ ಬೀರು ಅವರನ್ನೇ ನೋಡುತ್ತಿತ್ತು. ಊರಿಗೆಲ್ಲ ಬೀಗ ಹಾಕಿಕೊಟ್ಟವರ ಮನೆಯ ಬೀರುವಿನ ಬಾಗಿಲಿಗೆ ದಾರ ಕಟ್ಟಿತ್ತು. “ರೀ, ಇದಕ್ಕೊಂದು ಬೀಗ ಹಾಕ್ಕೊಡ್ರೀ” ಎಂದು ಅವಳು ಕೇಳಿದಾಗಲೆಲ್ಲ ಇವರದು ಒಂದೇ ಉತ್ತರ: ಆಮೇಲೆ ನೋಡೋಣ. ನಲ್ಲಿ ಸೋರಿದಾಗಲೂ ಅದೇ. ಓಹೋ, ಸೇಡು ತೀರಿಸಿಕೊಳ್ಳುತ್ತಿದ್ದಾಳೆ! ತೀರಿಸಿಕೊಳ್ಳಲಿ, ಮುಖ ತೋರಿಸಿಕೊಂಡೇ ತೀರಿಸಿಕೊಳ್ಳಬಾರದೇ?

ಫೋನ್ ಬಡಿದುಕೊಂಡಿತು.

“ಅಯ್ಯೋ ನನ್ನ ಕರ್ಮವೇ! ಅದೇ ರೀ ಪಾಸ್‌ವರ್ಡು! ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೊಡೀರಿ. ನೀವು ಏನ್ ಮರೆತ್ರೂ ಆ ಮಾತು ಮರೆಯಲ್ಲ ಅಂತ್ಲೇ ಇಟ್ಟಿದ್ದು.”

ಬೀಗದವರು ನಾಚಿಕೆಯಿಂದ ಒಂದೊಂದೇ ಅಕ್ಷರ ಒತ್ತಿದರು. ಪರದೆ ಬೆಳಗಿತು. ಕೆದರಿದ ಕೂದಲು, ಕೈಯಲ್ಲಿ ಅಕ್ಕನ ಔಷಧಿಯ ಚಮಚ, ಮೂಗಿನ ಕೆಳಗೂ ಮುಖ! ನಗುತ್ತಿದ್ದಳು. ಬೀಗದವರಿಗೆ ಕಣ್ಣು ತುಂಬಿ ಬಂತು.

“ನೀನಿಲ್ದೆ ನಂಗೆ ಇಲ್ಲಿ ಇರಕ್ಕಾಗಲ್ಲ ಕಣೇ. ನಾಳೇನೇ ಬೀರುಗೆ ಬೀಗ ಹಾಕ್ತೀನಿ, ನಲ್ಲೀನೂ ಸರಿ ಮಾಡಿಸ್ತೀನಿ. ಯಾವಾಗ ಬರ್ತೀಯ, ಹೇಳು.”

ಅವಳು ಒಮ್ಮೆ ಒಳಕೋಣೆಯ ಕಡೆ ತಿರುಗಿ ನೋಡಿದಳು. ಅಕ್ಕ ನರಳುವುದು ಇವರಿಗೂ ಕೇಳಿಸಿತು.

“ಆಮೇಲೆ ನೋಡೋಣ.”

“ಅದನ್ನ ಆಗ್ಲೇ ಟೈಪ್ ಮಾಡಾಯ್ತಲ್ಲೇ!”

“ಇದು ಪಾಸ್‌ವರ್ಡ್ ಅಲ್ಲ ರೀ, ಉತ್ತರ.”