ಮದುವೆ ಫೋಟೋ ಕಾಯುವ ಡಬ್ಬಿಗಳು

ಯಂತ್ರ ಕೆಟ್ಟರೆ ಕಾರಣ ಯಂತ್ರದೊಳಗೇ ಇರುತ್ತದೆ ಎಂದು ಬಿ.ಎಸ್ಸಿ. ಮುಗಿಸಿದಾಗ ನಂಬಿದ್ದೆ. ಈ ಕೆಲಸಕ್ಕೆ ಸೇರಿದ ಮೇಲೆ ವಾರಕ್ಕೊಮ್ಮೆಯಾದರೂ ಆ ನಂಬಿಕೆ ಸುಳ್ಳಾಗುತ್ತದೆ.

ಸಿಂದಗಿಯ ಒಬ್ಬ ಮಾಲಕರಿಗೆ ನಾಲ್ಕು ಫೋಟೋ ಸ್ಟುಡಿಯೋಗಳಿವೆ: ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಎಲ್ಲ ಕಡೆ ಮದುವೆಯ ಕೆಲಸವೇ ಹೆಚ್ಚು. ಹಿಂದೊಮ್ಮೆ ಕಂಪ್ಯೂಟರಿಗೆ ವೈರಸ್ ಬಂದು ಒಂದು ಮದುವೆಯ ಅಕ್ಷತೆಯ ಫೋಟೋಗಳೆಲ್ಲ ಹೋಗಿದ್ದವು. ಹೆಣ್ಣಿನ ಕಡೆಯವರು ಎರಡು ಜೀಪಿನಲ್ಲಿ ಬಂದಿದ್ದರಂತೆ. ಹಳೆಯ ಕಂಪ್ಯೂಟರುಗಳಿಗೇ ವೈರಸ್ ಸುಲಭಕ್ಕೆ ತಾಗದ ಲಿನಕ್ಸ್ ಹಾಕಿ, ಊರಿಗೊಂದು ಸರ್ವರ್ ಮಾಡಿ, ಒಂದೂರಿನ ಫೋಟೋಗಳ ಪ್ರತಿ ಇನ್ನೊಂದೂರಿನಲ್ಲೂ ಇರುವಂತೆ ಮಾಡುತ್ತೇನೆ ಎಂದೆ. ಮಾಲಕರು ಒಪ್ಪಿದರು, ಷರತ್ತಿನ ಮೇಲೆ.

"ಮೂರು ತಿಂಗಳ ನೋಡ್ತೇನಿ ತಮ್ಮಾ. ಒಂದ ಫೋಟೋ ಹೋತಂದ್ರೂ ನಾಲ್ಕೂ ಡಬ್ಬಿ ಗುಜರಿಗೆ, ನೀ ಮನಿಗೆ."

ನನ್ನ ಮೊದಲ ನೌಕರಿ ಅದು. ಒಂದು ನೋಟ್‌ಬುಕ್ ತಂದು ದಿನಾಂಕ ಹಾಕಿ ಬರೆಯತೊಡಗಿದೆ.

೧. ಇಂಡಿ

ಹೊರಗಿನಿಂದ ಯಾರೂ ನುಗ್ಗದಂತೆ ಸರ್ವರಿನ ಎಲ್ಲ ದಾರಿ ಮುಚ್ಚಿ, ನನಗೊಂದು ದಾರಿ ಇಟ್ಟುಕೊಳ್ಳಬೇಕು. ಅದಕ್ಕೆ ಎರಡು ಆದೇಶ ಸಾಕು. ಝಳಕಿಯ ಚಹಾ ಅಂಗಡಿಯಲ್ಲಿ ಕೂತು ಮೊಬೈಲಿನಿಂದಲೇ ಇಂಡಿಯ ಸರ್ವರಿಗೆ ಮೊದಲನೆಯದನ್ನು ಕೊಟ್ಟೆ: ಎಲ್ಲ ಮುಚ್ಚು. ಮುಚ್ಚಿತು. ಎರಡನೆಯದು, ನನಗೊಂದು ದಾರಿ ತೆರೆ ಎಂಬುದು, ಹೋಗಲು ದಾರಿಯೇ ಇರಲಿಲ್ಲ.

ಬಸ್ ಹಿಡಿದು ಇಂಡಿಗೆ ಹೋದೆ. ಅಲ್ಲಿ ಸ್ಟುಡಿಯೋ ನೋಡಿಕೊಳ್ಳುವ ಅಕ್ಕ, ಈ ಹೊತ್ತಿನಲ್ಲಿ ಯಾಕೆ ಬಂದೆ ಎಂದು ಕೇಳಿದರು. ಒಳಗಿನಿಂದ ಹಾಕಬೇಕಾದ ಚಿಲಕವನ್ನು ಹೊರಗೆ ನಿಂತು ಹಾಕಿಬಿಟ್ಟೆ ಎಂದು ತಿಳಿಯುವ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಸಂಜೆ ಮಾಲಕರು ಫೋನ್ ಮಾಡಿ, ಅಂಗಡಿಯ ಇನ್ನೊಂದು ಕೀಲಿಯನ್ನು ನನಗೆ ಕೊಡಲು ಹೇಳಿದಾಗ ಅಕ್ಕ ನನ್ನೆದುರೇ ಅಂದರು: "ಬ್ಯಾಡ್ರಿ ಕಾಕಾ. ಇವರು ನನ್ನ ಒಳಗ ಇಟ್ಟ ಕೀಲಿ ಹಾಕ್ಕೊಂಡು ಹೊಂಟಾರು."

೨. ಮುದ್ದೇಬಿಹಾಳ

ಬೇಸಿಗೆಯಲ್ಲಿ ಅಲ್ಲಿಯ ಸರ್ವರ್ ಕಾಯತೊಡಗಿತು. ಸ್ಟುಡಿಯೋದ ಹುಡುಗನಿಗೆ ಫೋನ್ ಮಾಡಿ, ಸ್ವಲ್ಪ ತಂಪು ಇರುವ ಹಾಗೆ ನೋಡಿಕೋ ಎಂದೆ. ಮರುದಿನ ಸರ್ವರ್ ಉತ್ತರವನ್ನೇ ಕೊಡಲಿಲ್ಲ. ತಂಗಡಗಿಯ ಒಂದು ಮದುವೆಯ ಫೋಟೋಗಳು ಹಿಂದಿನ ದಿನವಷ್ಟೇ ಅದರಲ್ಲಿ ಸೇರಿದ್ದವು. ಅವುಗಳ ಪ್ರತಿ ಬೇರೆ ಊರಿಗೆ ತಲುಪಿದೆಯೋ ಇಲ್ಲವೋ ನೋಡುವಷ್ಟು ತಾಳ್ಮೆಯೂ ನನಗೆ ಉಳಿದಿರಲಿಲ್ಲ. ಓಡಿದೆ.

ಹುಡುಗ ಸರ್ವರಿಗೆ ಹಸಿ ಗೋಣಿಚೀಲ ಸುತ್ತಿದ್ದ. ತಾಸಿಗೊಮ್ಮೆ ನೀರು ಚಿಮುಕಿಸಿದ್ದನಂತೆ.

"ಕುಡಿಯೂ ನೀರಿನ ಮಡಕಿಗೆ ಹಿಂಗ ಸುತ್ತತೇವ್ರಿ ಸರ. ತಣ್ಣಗಾಗೇತಿಲ್ಲೋ ಮುಟ್ಟಿ ನೋಡ್ರಿ."

ಮುಟ್ಟಿ ನೋಡಿದೆ. ಆಗಿತ್ತು. ಎರಡು ತಾಸಿನ ಹಿಂದೆಯೇ ಪೂರ್ತಿ ತಣ್ಣಗಾಗಿತ್ತು. ಪುಣ್ಯಕ್ಕೆ ಸುಟ್ಟಿದ್ದು ಕರೆಂಟು ಕೊಡುವ ಭಾಗವಷ್ಟೇ. ಡಿಸ್ಕಿಗೆ ನೀರು ತಾಗಿರಲಿಲ್ಲ, ಫೋಟೋಗಳಿದ್ದವು. ಹೊಸ ಭಾಗ ಹಾಕಿ ಹೊರಟಾಗ ಅವನು ಗೋಣಿಚೀಲ ಹಿಡಿದು ಬಾಗಿಲವರೆಗೆ ಬಂದು, ರಾತ್ರಿಯಷ್ಟಾದರೂ ಸುತ್ತಲೇ ಎಂದು ಕೇಳಿದ.

೩. ಬಸವನ ಬಾಗೇವಾಡಿ

ಅಲ್ಲಿಯ ಸರ್ವರ್ ಪ್ರತಿ ಸೋಮವಾರ ಬೆಳಿಗ್ಗೆ ಆರಿಹೋಗುತ್ತಿತ್ತು. ಮೊದಲ ವಾರ ವಾಯರ್ ಬದಲಿಸಿದೆ. ಎರಡನೆಯ ವಾರ ಯುಪಿಎಸ್ ಬ್ಯಾಟರಿ. ಮೂರನೆಯ ವಾರ ಅದರ ದಾಖಲೆ ತೆಗೆದು ಓದಿದಾಗ ಕರೆಂಟು ಹೋಗಿ ಆರಿದ್ದಲ್ಲ, ಯಾರೋ ಕ್ರಮವಾಗಿ ಆರಿಸಿದ್ದು ಎಂದು ತಿಳಿಯಿತು. ನಾಲ್ಕನೆಯ ಸೋಮವಾರ ಮೊದಲೇ ಹೋಗಿ ಕೂತೆ.

ಸ್ಟುಡಿಯೋ ನೋಡಿಕೊಳ್ಳುವ ಹಿರಿಯರು ಬಂದರು. ನಾನು ಕಲಿಸಿದ ಹಾಗೆಯೇ, ಒಂದು ಹೆಜ್ಜೆಯೂ ತಪ್ಪದಂತೆ, ಸರ್ವರ್ ಬಂದ್ ಮಾಡಿ ಅದಕ್ಕೆ ವಿಭೂತಿ ಹಚ್ಚಿದರು.

"ಸೋಮವಾರಲ್ರಿ," ಎಂದರು. "ಇವತ್ತ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಇದು ಹಗಲೂ ರಾತ್ರಿ ದುಡಿತೈತಿ. ಅದಕ್ಕೊಂದ ದಿನ ಬ್ಯಾಡೇನು?"

ಯಂತ್ರಕ್ಕೆ ದಣಿವಿಲ್ಲ ಎಂದು ವಿವರಿಸಿದೆ.

"ಹಂಗಂತ ಅದು ಹೇಳೇತೇನ್ರಿ?"

ಅದು ಹೇಳಿರಲಿಲ್ಲ. ಸೋಮವಾರ ಪ್ರತಿ ತೆಗೆಯುವ ಕೆಲಸವನ್ನು ಮಂಗಳವಾರಕ್ಕೆ ಹಾಕಿ ಬಂದೆ.

೪. ಸಿಂದಗಿ

ಮೂರನೆಯ ತಿಂಗಳು. ಸಿಂದಗಿಯ ಸರ್ವರಿನ ಬಾಗಿಲನ್ನು ಯಾರೋ ಹೊರಗಿನಿಂದ ತಪ್ಪು ಪಾಸ್‌ವರ್ಡ್ ಹಾಕಿ ಬಡಿಯುತ್ತಿದ್ದರು. ಅವರ ಕಂಪ್ಯೂಟರಿನ ವಿಳಾಸವನ್ನು ಖಾಯಂ ಆಗಿ ಕಳ್ಳರ ಪಟ್ಟಿಗೆ ಸೇರಿಸಿದೆ; ಇನ್ನು ಸರಿಯಾದ ಪಾಸ್‌ವರ್ಡ್ ಹಾಕಿದರೂ ಅಲ್ಲಿಂದ ಬಾಗಿಲು ತೆರೆಯುವುದಿಲ್ಲ. ಆದರೂ ಬಡಿಯುವುದು ನಿಲ್ಲಲಿಲ್ಲ. ಎರಡು ವಾರ ಬಡಿಯುವ ವೇಳೆಯನ್ನು ಬರೆದಿಟ್ಟುಕೊಂಡೆ.

ಮೂರು ತಿಂಗಳು ಮುಗಿದ ದಿನ ಮಾಲಕರು ಮನೆಗೆ ಕರೆದರು. ಅವರ ಹೆಂಡತಿ, ಕಾಕು, ಚಹಾ ತಂದರು. ಇದೇ ಸರಿಯಾದ ಸಮಯವೆಂದು ನೋಟ್‌ಬುಕ್ ತೆರೆದು, ಒಬ್ಬ ಕಳ್ಳನನ್ನು ತಡೆದಿದ್ದೇನೆ ಎಂದು ಓದತೊಡಗಿದೆ. ಮುಂಜಾನೆ ಹತ್ತಕ್ಕೆ ಶುರು ಮಾಡುತ್ತಾನೆ. ಒಂದಕ್ಕೆ ನಿಲ್ಲಿಸುತ್ತಾನೆ, ಬಹುಶಃ ಊಟಕ್ಕೆ. ನಾಲ್ಕರವರೆಗೆ ಸುದ್ದಿಯಿಲ್ಲ, ಬಹುಶಃ ನಿದ್ದೆ. ಅಮಾವಾಸ್ಯೆಯ ದಿನ ಮಾತ್ರ ಒಮ್ಮೆಯೂ ಬಂದಿಲ್ಲ.

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಮಾಸಿಗೆ ಇವರು ದೇವರಿಗಂತ ದೇವಣಗಾಂವಕ್ಕ ಹೋಗಿದ್ರಲ್ಲ."

ಮಾಲಕರು ಚಹಾದ ಬಸಿ ಕೆಳಗಿಟ್ಟರು. "ಎರಡು ವಾರ ಆತು ತಮ್ಮಾ. ಮನ್ಯಾಗ ಕುಂತು ನನ್ನ ಫೋಟೋ ನನಗ ನೋಡಾಕ ಆಗವಲ್ದು. ನನ್ನ ಬೆರಳಿಂದ ತಪ್ಪು ಅಂತ ತಿಳಕೊಂಡಿದ್ನಿ."

ಆಗ ನೆನಪಾಯಿತು. ಭದ್ರತೆಗೆಂದು ಪಾಸ್‌ವರ್ಡ್ ಬದಲಿಸಿದ್ದೆ. ನಾಲ್ಕೂ ಊರಿಗೆ ತಿಳಿಸಿದ್ದೆ. ಮಾಲಕರಿಗೆ ತಿಳಿಸಿರಲಿಲ್ಲ.

ನೌಕರಿ ಮುಗಿಯಿತು ಎಂದುಕೊಂಡೆ. ಅವರು ಒಂದೇ ಕೇಳಿದರು: "ಮೂರು ತಿಂಗಳಾಗ ಎಷ್ಟು ಫೋಟೋ ಹೋದ್ವು?"

"ಒಂದೂ ಇಲ್ರಿ ಕಾಕಾ."

"ಹಂಗಾರ ಡಬ್ಬಿ ಇರಲಿ. ನೀನೂ ಇರು."

ನಾನು ತಕ್ಷಣ ಲ್ಯಾಪ್‌ಟಾಪ್ ತೆರೆದು ಅವರ ವಿಳಾಸವನ್ನು ಪಟ್ಟಿಯಿಂದ ತೆಗೆಯಹೋದೆ. ಮಾಲಕರು ಕೈ ಹಿಡಿದರು.

"ತಗೀಬ್ಯಾಡ. ಮದವಿ ಮುಗಿದ ಮರುದಿನಾನ ಬೀಗರು ಬಂದು, ಆಲ್ಬಮ್ ಆಮ್ಯಾಲ ಆಗಲಿ, ಎಲ್ಲಾ ಫೋಟೋ ಈಗಿಂದೀಗ ಮೊಬೈಲಿಗೆ ಹಾಕ್ರಿ ಅಂತ ಕುಂಡ್ರತಾರ. ನನಗ ಇಲ್ಲ ಅನ್ನಾಕ ಬರೂದಿಲ್ಲ. ಇನ್ನ ಡಬ್ಬೀನ ಇಲ್ಲ ಅನ್ನಲಿ."

ಈಗ ಬೀಗರು ಬಂದರೆ ಮಾಲಕರು ಅವರನ್ನು ಮಗ್ಗುಲಲ್ಲೇ ಕೂಡಿಸಿಕೊಂಡು ಪಾಸ್‌ವರ್ಡಿನ ಒಂದೊಂದೇ ಅಕ್ಷರ ಒತ್ತಿ ತೋರಿಸುತ್ತಾರೆ. ಬಾಗಿಲು ತೆರೆಯುವುದಿಲ್ಲ. ಕೊನೆಗೆ ಬೀಗರೇ ಅವರಿಗೆ ಸಮಾಧಾನ ಹೇಳಿ ಹೋಗುತ್ತಾರಂತೆ.