ಗಾಳಿ ಕುಡಿಯುವ ಡಬ್ಬಿ

ಪಾಲಿಶಣ್ಣನ ಕಾಲರಿಗೆ ಅಂದು ಬೆಳಿಗ್ಗೆ ಸಿಕ್ಕಿಸಿದ ಡಬ್ಬಿ ಸೋಪಿನ ಬಿಲ್ಲೆಯಷ್ಟೇ ಇತ್ತು. ಒಳಗೆ ಸೊಳ್ಳೆಯೊಂದು ಕೂತು ಸಂಗೀತ ಕಲಿಯುತ್ತಿರುವಂತೆ ಗುಂಯ್ ಅನ್ನುತ್ತಿತ್ತು.

"ನೀವು ಉಸಿರಾಡೋ ಗಾಳೀನೇ ಇದೂ ಕುಡಿಯುತ್ತೆ. ಏನೇನು ಕುಡಿದಿದೆ ಅಂತ ಸಂಜೆ ನೋಡೋಣ" ಎಂದರು ಮೇಡಂ. ಯಾವ ಕೆಲಸ, ಯಾವ ಅಭ್ಯಾಸ ಮನುಷ್ಯನನ್ನು ಕ್ಯಾನ್ಸರಿನ ಬಾಗಿಲಿಗೆ ಕರೆದೊಯ್ಯುತ್ತದೆ ಎಂದು ಪತ್ತೆ ಮಾಡುವುದು ಆಕೆಯ ಸಂಶೋಧನೆ. ಅದಕ್ಕಾಗಿ ಆ ಬೀದಿಯ ಕಾರ್ಖಾನೆ, ಶೆಡ್ಡುಗಳನ್ನೆಲ್ಲ ಸುತ್ತುತ್ತಿದ್ದರು. ಈ ಫರ್ನಿಚರ್ ವರ್ಕ್‌ಶಾಪಿನಲ್ಲಿ ಅವರ ಕಣ್ಣಿಗೆ ಬಿದ್ದವನು ಪಾಲಿಶಣ್ಣ.

ಹಿಂಬದಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಬೀರು, ಮೇಜುಗಳಿಗೆ ಪಾಲಿಶ್ ಹೊಡೆಯುವುದು ಅವನ ಕೆಲಸ. ಪಾಲಿಶಿಗೆ ಬೆರೆಸುವ ಥಿನ್ನರಿನ ಘಾಟಿಗೆ ಅವನ ಮೂಗು ಎಂದೋ ರಾಜೀನಾಮೆ ಕೊಟ್ಟಿತ್ತು. ಕೆಮ್ಮು ಮಾತ್ರ ಭಾನುವಾರವೂ ರಜೆ ತೆಗೆದುಕೊಳ್ಳದೆ ದುಡಿಯುತ್ತಿತ್ತು. ಪುಟ್ಟ ಮಗಳು ಅಪ್ಪನ ಪಕ್ಕ ಮಲಗುವುದನ್ನೇ ಬಿಟ್ಟಿದ್ದಳು. "ಅಪ್ಪನ ಹತ್ರ ಹೊಸ ಮೇಜಿನ ವಾಸನೆ" ಎಂದು ತನ್ನ ದಿಂಬು ಎತ್ತಿಕೊಂಡು ಅಮ್ಮನ ಮಗ್ಗುಲಿಗೆ ಹೊರಟುಬಿಡುತ್ತಿದ್ದಳು. ಕೆಟ್ಟ ಗಾಳಿಯನ್ನು ಹೊರಗೆ ತಳ್ಳುವ ಒಂದು ಫ್ಯಾನು ಹಾಕಿಸಿಕೊಡಿ ಎಂದು ಧಣಿಯನ್ನು ಕೇಳಿ ಕೇಳಿ ಅವನ ನಾಲಿಗೆ ಸವೆದಿತ್ತು. ಇವತ್ತು ಮೇಡಂ ಎದುರಿಗೇ ಕೇಳಿಬಿಟ್ಟ.

ಹೊರಗಿನವರ ಎದುರು ಉದಾರಿಯಾಗುವುದು ಧಣಿಯ ಚಟ. "ಗಾಳಿ ಕೆಟ್ಟಿದೆ ಅಂತ ನಿಮ್ಮ ಯಂತ್ರ ಹೇಳ್ಲಿ ಮೇಡಂ, ಇವನು ಕೂತ ಜಾಗಕ್ಕೇ ಎದುರಂಗಡೀಲಿರೋ ದೊಡ್ಡ ಫ್ಯಾನ್ ಹಾಕಿಸ್ತೀನಿ. ಇವನೇನು ಹೊರಗಿನವನಾ?" ಎಂದರು.

ಮೇಡಂ ಪ್ರಶ್ನೆಗಳನ್ನು ಶುರುಮಾಡಿದರು. "ಸಿಗರೇಟು?"

"ಜೀವಮಾನದಲ್ಲಿ ಮುಟ್ಟಿಲ್ಲ."

"ವ್ಯಾಯಾಮ?"

"ದಿನಾ ಬಸ್ಸಿನ ಹಿಂದೆ ಓಡ್ತಾನೆ" ಎಂದ ಗುಮಾಸ್ತ. ಯಾರನ್ನು ಏನು ಕೇಳಿದರೂ ಉತ್ತರ ಇವನದೇ.

"ಸೊಪ್ಪು ತರಕಾರಿ?"

"ಇವನ ಊಟದ ಡಬ್ಬೀದು ನಾನೇ ತಿನ್ನೋದು ಮೇಡಂ. ಅದನ್ನ ನನ್ನ ಲೆಕ್ಕಕ್ಕೆ ಹಾಕ್ಕೊಳ್ಳಿ" ಎಂದ ಬಡಗಿ.

"ಕೆಲಸದಲ್ಲಿ ಕಿರಿಕಿರಿ, ಒತ್ತಡ ಏನಾದ್ರೂ?"

ಎಲ್ಲರೂ ಒಮ್ಮೆ ಧಣಿಯ ಮುಖ ನೋಡಿದರು. "ಏನಿಲ್ಲ" ಎಂದ ಪಾಲಿಶಣ್ಣ.

"ಮಾಮೂಲಿ ಕೆಲಸ ಮಾಮೂಲಿಯಾಗಿ ಮಾಡ್ತಾ ಇರಿ" ಎಂದು ಹೇಳಿ ಮೇಡಂ ಪಕ್ಕದ ವೆಲ್ಡಿಂಗ್ ಶೆಡ್ಡಿಗೆ ಹೊರಟರು. ಅವರು ಗೇಟು ದಾಟಿದ್ದೇ ತಡ, ಧಣಿಯ ಕೈ ಪಾಲಿಶಣ್ಣನ ಹೆಗಲೇರಿತು.

"ಬಾರಯ್ಯ, ಇವತ್ತು ನನ್ನ ಕ್ಯಾಬಿನ್ನಲ್ಲಿ ಕೂತ್ಕೋ. ಏಸಿ ಇದೆ."

"ಬೀರುಗೆ ಎರಡನೇ ಕೋಟು ಪಾಲಿಶ್ ಬಾಕಿ ಇದೆ ಧಣಿ."

"ಬೀರು ಕಾಲು ಬಂದು ಓಡಿಹೋಗುತ್ತಾ? ನಿನ್ನ ಆರೋಗ್ಯ ಮುಖ್ಯ."

ಇಷ್ಟು ವರ್ಷದಲ್ಲಿ ಆ ಬಾಯಿಂದ ಆರೋಗ್ಯ ಎಂಬ ಮಾತು ಬಂದದ್ದು ಇದೇ ಮೊದಲು. ಫ್ಯಾನು ಕೈತಪ್ಪುತ್ತಿದೆ ಎಂದು ಪಾಲಿಶಣ್ಣನಿಗೆ ಆ ಕ್ಷಣವೇ ಗೊತ್ತಾಯಿತು.

ಮೆತ್ತನೆಯ ಕುರ್ಚಿಯಲ್ಲಿ ಅವನು ಮುಳ್ಳಿನ ಮೇಲೆ ಕೂತಂತೆ ಕೂತ. ಪಾಲಿಶಿನ ಘಾಟು ನುಸುಳದಿರಲೆಂದು ಗುಮಾಸ್ತ ಬಾಗಿಲ ಸಂದಿಗೆಲ್ಲ ಹಳೇ ಪೇಪರು ತುರುಕಿದ. ಸ್ವಲ್ಪ ಹೊತ್ತಾದ ಮೇಲೆ ಪಾಲಿಶಣ್ಣ ಕಿರುಬೆರಳು ಎತ್ತಿ ತೋರಿಸಿದ. ಬಚ್ಚಲಿಗೆ ದಾರಿ ಪಾಲಿಶ್ ಕೋಣೆಯ ಮುಂದಿನಿಂದಲೇ. ಡಬ್ಬಿಗೆ ನಾಲ್ಕು ಗುಟುಕು ಘಾಟು ಕುಡಿಸಿದರೂ ಸಾಕು ಎಂಬುದು ಅವನ ಲೆಕ್ಕಾಚಾರ. ಗುಮಾಸ್ತ ಜೊತೆಗೇ ಎದ್ದು, ಗಾಳಿಗೆ ದೀಪ ಆರದಂತೆ ಕೈ ಅಡ್ಡ ಹಿಡಿಯುವವರ ಹಾಗೆ, ಹೋಗುವಾಗಲೂ ಬರುವಾಗಲೂ ಡಬ್ಬಿಯ ಮೂತಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. ಘಾಟು ಕುಡಿದವನು ಪಾಲಿಶಣ್ಣ ಒಬ್ಬನೇ.

ಬರುವಾಗ ಬಡಗಿಗೆ ಕಣ್ಸನ್ನೆ ಮಾಡಿದ್ದು ಮಾತ್ರ ಫಲಿಸಿತು. ಊಟದ ಹೊತ್ತಿಗೆ ಬಡಗಿ ಒಳಗೆ ತಂದಿಟ್ಟ ಊಟದ ಡಬ್ಬಿಯಲ್ಲಿ ಅನ್ನದ ಮೇಲೆ ಥಿನ್ನರಿನಲ್ಲಿ ಅದ್ದಿದ ಬಟ್ಟೆ ಮಡಿಸಿ ಮಲಗಿತ್ತು. ಮುಚ್ಚಳ ಇನ್ನೂ ಪೂರ್ತಿ ತೆಗೆದಿರಲಿಲ್ಲ, ಗುಮಾಸ್ತನ ಮೂಗು ಎದ್ದು ನಿಂತಿತು.

"ಏನಯ್ಯ ಇದು, ನಿಮ್ಮ ಮನೇಲಿ ಥಿನ್ನರಲ್ಲಿ ಒಗ್ಗರಣೆ ಹಾಕ್ತಾರಾ?"

ಬಟ್ಟೆಯ ಜೊತೆ ಊಟವೂ ಹೊರಗೆ ಹೋಯಿತು. ಗುಮಾಸ್ತ ಅಷ್ಟಕ್ಕೇ ಬಿಡದೆ ಕೋಣೆಗೆಲ್ಲ ಮಲ್ಲಿಗೆ ಪರಿಮಳದ ಸ್ಪ್ರೇ ಹೊಡೆದ. ಖಾಲಿಯಾಗುವವರೆಗೂ ಹೊಡೆದ. ಧಣಿಗೋ ಒಳಗೊಳಗೇ ಫ್ಯಾನಿನ ಖರ್ಚಿನ ಭಯ. ಭಯವಾದಾಗ ಅವರ ಕೈ ತಾನಾಗಿ ಸಿಗರೇಟಿಗೆ ಹೋಗುತ್ತಿತ್ತು. ಒಂದರ ಬೆಂಕಿಯಿಂದ ಇನ್ನೊಂದನ್ನು ಹಚ್ಚುತ್ತ, ತಂಪಾದ ಆ ಗಾಜಿನ ಪೆಟ್ಟಿಗೆಯಲ್ಲಿ ಹೊಗೆ ಬಿಡುತ್ತ, "ನೋಡು, ಎಷ್ಟು ಹಾಯಾಗಿದೆ" ಎನ್ನುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಕೆಮ್ಮುತ್ತ ಕೂತ ಪಾಲಿಶಣ್ಣ ಫ್ಯಾನಿನ ಆಸೆಯನ್ನು ಬಿಟ್ಟೇಬಿಟ್ಟ.

ಸಂಜೆ ಮೇಡಂ ಕ್ಯಾಬಿನ್ನಿಗೇ ಬಂದು ಡಬ್ಬಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಅವರ ಹುಬ್ಬು ಗಂಟಿಕ್ಕಿತು.

"ವೆಲ್ಡಿಂಗ್ ಶೆಡ್ಡಲ್ಲೂ ಇಷ್ಟಿರಲಿಲ್ಲ. ಇಷ್ಟು ಕೆಟ್ಟ ಗಾಳಿ ನನಗೆ ಈ ಬೀದೀಲೇ ಸಿಕ್ಕಿಲ್ಲ."

ಪಾಲಿಶಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಶಾಲೆಗೇ ಮೊದಲಿಗನಾಗಿ ಪಾಸಾದ ಹುಡುಗನಂತೆ ಮುಖ ಅರಳಿತು.

"ದಿನವೆಲ್ಲ ಎಲ್ಲಿದ್ರಿ?" ಎಂದು ಮೇಡಂ ಕೇಳಿದರು.

ಅವನು ಸುಳ್ಳು ಹೇಳುವವನಲ್ಲ. ಆದರೆ ಮಗಳ ದಿಂಬು ಕಣ್ಣ ಮುಂದೆ ಬಂತು. "ಪಾಲಿಶ್ ಕೋಣೇಲಿ" ಎಂದುಬಿಟ್ಟ.

"ಶುದ್ಧ ಸುಳ್ಳು" ಎಂದು ಧಣಿ ಎದ್ದು ನಿಂತರು. "ಬೆಳಿಗ್ಗೆಯಿಂದ ಆ ಕೋಣೆಗೆ ಕಾಲಿಟ್ಟಿಲ್ಲ ಇವನು. ಇಲ್ಲೇ, ನನ್ನ ಎದುರಿಗೇ, ಈ ಕುರ್ಚೀಲೇ ಕೂತಿದ್ದ. ಹೇಳ್ರೋ."

ಗುಮಾಸ್ತ ಹೌದೆಂದ. ಬಡಗಿಯೂ ನೆಲ ನೋಡುತ್ತ ಹೌದೆಂದ.

ಮೇಡಂ ಸುತ್ತ ಒಮ್ಮೆ ನೋಡಿ, ಮೂಗಿಗೆ ಸೆರಗು ಹಿಡಿದರು. "ಹಾಗಾದ್ರೆ ಕೆಟ್ಟಿರೋದು ಈ ಗಾಳಿ. ನೀವು ದಿನಾ ಇಲ್ಲೇ ಕೂರ್ತೀರಾ?"

ಧಣಿಯ ಮುಖ ಬಿಳಿ ಪ್ರೈಮರು ಬಳಿದ ಹಲಗೆಯಾಯಿತು.

"ಮೇಡಂ, ಪಾಲಿಶ್ ಕೋಣೆ?" ಎಂದ ಪಾಲಿಶಣ್ಣ ಸಣ್ಣ ದನಿಯಲ್ಲಿ.

"ಅಲ್ಲಿ ಅಳೆದೇ ಇಲ್ವಲ್ಲಪ್ಪ. ಅಳೀದೆ ಹೇಗೆ ಹೇಳ್ಲಿ? ಈ ಡಬ್ಬಿ ನಾಳೆ ಬೇರೆ ಊರಿಗೆ ಹೋಗುತ್ತೆ. ಮುಂದಿನ ವರ್ಷ ನೋಡೋಣ."

ಧಣಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೇಡಂ ಹೋದ ಮರುಗಳಿಗೆಯೇ ಎದುರಿನ ಅಂಗಡಿಯಿಂದ ಫ್ಯಾನು ಬಂತು. ಪಾಲಿಶಣ್ಣ ಕೂತ ಜಾಗಕ್ಕೇ ಬಂತು, ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು. ಕ್ಯಾಬಿನ್ನಿಗೆ ಮೂರು ಕಡೆ ಗಾಜು. ತೂತು ಕೊರೆಯಲು ಬರುವ ಗೋಡೆ ಒಂದೇ ಒಂದು, ಅದರ ಆಚೆ ಪಾಲಿಶ್ ಕೋಣೆ. ಬಡಗಿಯೇ ಕೊರೆದು ಕೂರಿಸಿದ. ಧಣಿ ಗುಂಡಿ ಒತ್ತಿ, "ಇನ್ನೇನೂ ಭಯವಿಲ್ಲ" ಎಂದು ನಿರಾಳವಾಗಿ ಒಂದು ಸಿಗರೇಟು ಹಚ್ಚಿದರು. ಗೋಡೆಯಾಚೆ, ಬೀರುವಿನ ಎರಡನೇ ಕೋಟು ಹೊಡೆಯುತ್ತಿದ್ದ ಪಾಲಿಶಣ್ಣನ ತಲೆಯ ಮೇಲೆ ಆ ಹೊಗೆಯೆಲ್ಲ ಭುಸ್ಸೆಂದು ಇಳಿಯಿತು.

ರಾತ್ರಿ ಮನೆಯ ಬಾಗಿಲಲ್ಲೇ ಮಗಳು ಮೂಗು ಅರಳಿಸಿದಳು. "ಅಮ್ಮಾ, ಇವತ್ತು ಅಪ್ಪನ ಹತ್ರ ಸಿಗರೇಟು ಸೇದೋ ಮೇಜಿನ ವಾಸನೆ."

ಹೆಂಡತಿ ಸೌಟು ಹಿಡಿದೇ ಬಂದು ಅವನ ತಲೆ, ಅಂಗಿ ಮೂಸಿದಳು. "ಯಾವಾಗಿಂದ ಶುರುವಾಯ್ತು ಇದು?"

"ನಾನಲ್ಲ ಕಣೇ, ಧಣಿ ಸೇದಿದ್ದು."

"ಧಣಿ ಸೇದಿದ್ದು ನಿಮ್ಮ ತಲೇಲಿ ಬರುತ್ತಾ? ಮಲ್ಲಿಗೆ ವಾಸನೇನೂ ಬರ್ತಿದೆ. ಅದೂ ಧಣೀದೇನಾ?"

ಪಾಲಿಶಣ್ಣ ಬಾಯಿ ತೆರೆದ. ಬಂದದ್ದು ಕೆಮ್ಮು. ಹೆಂಡತಿ ಒಳಗೆ ಹೋಗಿ ಅವನ ದಿಂಬು ತಂದು ಹಜಾರದ ಬೆಂಚಿನ ಮೇಲೆ ಹಾಕಿದಳು. ಮಗಳು ಓಡಿಹೋಗಿ ಹೊದಿಕೆಯನ್ನೂ ತಂದುಕೊಟ್ಟಳು.